ದುರಂತ ನಾಟಕದಲ್ಲಿ ದೋಷವಿಚಾರ

ಒಬ್ಬನಿಗೆ ದೊಡ್ಡ ದುಃಖವು ಒದಗಿದಾಗ “ಇವನು ಏನು ತಪ್ಪು ಮಾಡಿದ್ದನೋ” ಎಂಬ ಪ್ರಶ್ನೆಯು ನೋಡುವವರ ಮನಸ್ಸಿನಲ್ಲಿ ತಾನಾಗಿಯೇ ಏಳುತ್ತದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ದುಃಖವು ಬಿದ್ದಿರುವಾಗ ಅದಕ್ಕೆ ಸಮತೂಕವಾದ ದೋಷವು ಮತ್ತೊಂದು ತಟ್ಟೆಯಲ್ಲಿ ಇದ್ದೇ ಇರಬೇಕೆಂದು ನಂಬುವುದು ಮನುಷ್ಯನ ಸಹಜಬುದ್ಧಿ. ಈ ನಂಬಿಕೆಯು ಧರ್ಮಕ್ಕೆ ಆಧಾರವಾಗಿರುವಂತೆಯೇ ನಿರ್ದಯತೆಗೂ ಆಧಾರವಾಗಬಲ್ಲುದು. ಅದು ಹೇಗೆಂಬುದನ್ನು ಪರ್ಯಾಲೋಚಿಸುವುದಕ್ಕೆ ಇಂಗ್ಲೆಂಡಿನ ಎಲಿಜಬೆತ್ ರಾಣಿಯ ಕಾಲದಲ್ಲಿ ಬೆಳೆದ ರಂಗಭೂಮಿಯೂ, ಅಲ್ಲಿಯ ದುರಂತ ನಾಟಕಗಳನ್ನು ಅಳೆಯಲು ಪಂಡಿತರು ಬಳಸಿಕೊಂಡು ಬಂದ ಪರಿಭಾಷೆಯೂ ನಮಗೆ ಬಹಳ ಸಹಾಯಕವಾಗಿವೆ. ಪರಿಭಾಷೆಯೆಂಬುದು ಕೇವಲ ಹೆಸರುಗಳ ಪಟ್ಟಿಯಲ್ಲ. ಒಂದು ಹೆಸರನ್ನು ಒಪ್ಪಿದವನು ಅದರೊಳಗೆ ಅಡಗಿರುವ ತೀರ್ಪನ್ನೂ ತಿಳಿಯದೆಯೇ ಒಪ್ಪಿಬಿಡುತ್ತಾನೆ.

ಮೊದಲು ಆ ರಂಗಭೂಮಿಯ ಸ್ವರೂಪವನ್ನು ಸ್ವಲ್ಪ ನೋಡೋಣ. ಎಲಿಜಬೆತ್ ರಾಣಿಯು 1558 ರಿಂದ 1603 ರ ವರೆಗೆ ಆಳಿದಳು. ಅವಳ ಆಳ್ವಿಕೆಯ ಆರಂಭದಲ್ಲಿ ನಾಟಕದವರು ಹೆಚ್ಚಾಗಿ ಛತ್ರಗಳ ಅಂಗಳಗಳಲ್ಲಿಯೂ ಸಿರಿವಂತರ ಹಜಾರಗಳಲ್ಲಿಯೂ ಆಡುತ್ತಿದ್ದರು. 1576 ರಲ್ಲಿ ಜೇಮ್ಸ್ ಬರ್ಬೇಜ್ ಎಂಬಾತನು, ಬಡಗಿಯ ಕಸಬನ್ನು ಕಲಿತು ಅನಂತರ ನಟನಾದವನು, ಲಂಡನ್ ಪಟ್ಟಣದ ಎಲ್ಲೆಯ ಹೊರಗೆ ಷೋರ್ಡಿಚ್ ಎಂಬಲ್ಲಿ ನಾಟಕಕ್ಕೆಂದೇ ಒಂದು ಶಾಲೆಯನ್ನು ಕಟ್ಟಿಸಿದನು. ಅದನ್ನು 1598 ರ ಕೊನೆಯಲ್ಲಿ ಬಿಚ್ಚಿ, ಅದರ ಮರಮುಟ್ಟುಗಳನ್ನು ಥೇಮ್ಸ್ ನದಿಯ ತೆಂಕಣ ದಡಕ್ಕೆ ಸಾಗಿಸಿ, 1599 ರಲ್ಲಿ ಗ್ಲೋಬ್ ಎಂಬ ನಾಟಕಶಾಲೆಯನ್ನು ನಿಲ್ಲಿಸಿದರು. ಷೇಕ್ಸ್‌ಪಿಯರ್ ಮಹಾಕವಿಯು ಅದರ ಪಾಲುದಾರರಲ್ಲೊಬ್ಬನು. ಅಲ್ಲಿ ಸುಮಾರು ಮೂರು ಸಾವಿರ ಮಂದಿಯವರೆಗೆ ಹಿಡಿಸುತ್ತಿದ್ದರೆಂದು ಅಂದಾಜು. ಒಂದು ಪೆನ್ನಿಯನ್ನು ಕೊಟ್ಟವನು ಅಂಗಳದಲ್ಲಿ ನಿಂತು ನೋಡಬಹುದು. ಇನ್ನಷ್ಟು ಕೊಟ್ಟವನು ಮೇಲಿನ ಸಾಲುಗಳಲ್ಲಿ ಕುಳಿತುಕೊಳ್ಳಬಹುದು. ಆಟವು ನಡೆಯುತ್ತಿದ್ದುದು ಮಧ್ಯಾಹ್ನದ ಬೆಳಕಿನಲ್ಲಿ. ಅಂಗಳಕ್ಕೆ ಮೇಲ್ಛಾವಣಿಯಿಲ್ಲ, ರಂಗದ ಮುಂದೆ ಇಳಿಬಿಡುವ ಪರದೆಯಿಲ್ಲ. ಪ್ರೇಕ್ಷಕನು ನಟನ ಮುಖವನ್ನು ಕಾಣುವಷ್ಟೇ ಸ್ಪಷ್ಟವಾಗಿ ಎದುರಿನ ಪ್ರೇಕ್ಷಕನ ಮುಖವನ್ನೂ ಕಾಣುತ್ತಿದ್ದನು. ರಂಗದ ಮೇಲೆ ಚಾಚಿದ್ದ ಛಾವಣಿಗೆ ‘ಸ್ವರ್ಗ’ವೆಂದು ಹೆಸರು, ಅದರ ಒಳಮೈಗೆ ಆಕಾಶದ ಚಿತ್ರವನ್ನು ಬರೆಯುತ್ತಿದ್ದರು. ರಂಗದ ನೆಲದಲ್ಲಿ ತೆರೆದು ಮುಚ್ಚುವ ಒಂದು ಬಾಗಿಲು. ಅದರ ಕೆಳಗಣ ಕತ್ತಲೆಗೆ ‘ನರಕ’ವೆಂದು ಹೆಸರು. ಇವೆರಡರ ನಡುವಣ ಹಲಗೆಗಳ ಮೇಲೆ ಮನುಷ್ಯನು ನಿಂತು ಮಾತನಾಡಬೇಕು. ಈ ಏರ್ಪಾಟನ್ನು ವಾಚಕರು ನೆನಪಿನಲ್ಲಿಟ್ಟಿರಬೇಕೆಂದು ಪ್ರಾರ್ಥಿಸುತ್ತೇನೆ. ಮುಂದೆ ಇದರ ಪ್ರಯೋಜನವುಂಟು.

ಆ ಕಾಲದ ಕವಿಗಳಿಗೆ ದುರಂತ ನಾಟಕವೆಂದರೆ ಏನೆಂಬ ತಿಳಿವಳಿಕೆಯು ಎಲ್ಲಿಂದ ಬಂದಿತು? ಮೂರು ಮೂಲಗಳನ್ನು ಹೇಳಬಹುದು. ಮೊದಲನೆಯದು, ಮಧ್ಯಯುಗದಿಂದ ಬಂದ ‘ಅದೃಷ್ಟಚಕ್ರ’ದ ಕಲ್ಪನೆ: ಉನ್ನತಪದವಿಯಲ್ಲಿದ್ದವನು ಚಕ್ರವು ತಿರುಗಿದಾಗ ಕೆಳಗೆ ಬೀಳುತ್ತಾನೆ, ಅವನ ಕಥೆಯೇ ದುರಂತ. 1559 ರಲ್ಲಿ ಅಚ್ಚಾದ ‘ಆಳುವವರಿಗೆ ಕನ್ನಡಿ’ ಎಂಬ ಅರ್ಥದ ಹೆಸರುಳ್ಳ ಪದ್ಯಸಂಗ್ರಹದಲ್ಲಿ ಇಂಥ ಪತನಗಳ ಕಥೆಗಳೇ ತುಂಬಿವೆ. ಎರಡನೆಯದು, ರೋಮಿನ ಸೆನೆಕನ ನಾಟಕಗಳು. ಸೆನೆಕನ ಹೆಸರಿನಲ್ಲಿ ಬಂದ ಹತ್ತು ನಾಟಕಗಳ ಇಂಗ್ಲಿಷ್ ಭಾಷಾಂತರವು 1581 ರಲ್ಲಿ ಒಂದೇ ಸಂಪುಟವಾಗಿ ಹೊರಬಿದ್ದಿತು. ಸೇಡು, ಪ್ರೇತ, ರಕ್ತಪಾತ, ದೀರ್ಘಭಾಷಣ ಇವೆಲ್ಲವೂ ಅಲ್ಲಿಂದ ಬಂದ ಸಾಮಗ್ರಿ. ಮೂರನೆಯದು, ಬಾಲಕರು ಪಾಠಶಾಲೆಯಲ್ಲಿ ಟೆರೆನ್ಸ್ ಕವಿಯ ಲ್ಯಾಟಿನ್ ನಾಟಕಗಳನ್ನು ಓದುವಾಗ ಕಲಿಯುತ್ತಿದ್ದ ವ್ಯಾಖ್ಯಾನ. ನಾಲ್ಕನೆಯ ಶತಮಾನದ ಡೊನೇಟಸ್ ಎಂಬ ವೈಯಾಕರಣನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಆ ವ್ಯಾಖ್ಯಾನವು ನಾಟಕದ ಕಥೆಯನ್ನು ಪ್ರೋಟಾಸಿಸ್, ಎಪಿಟಾಸಿಸ್, ಕೆಟಾಸ್ಟ್ರೊಫಿ ಎಂದು ವಿಭಾಗಿಸುತ್ತದೆ. ಕಥೆಯ ಹೂಡಿಕೆ, ತೊಡಕು ಬಲಿಯುವುದು, ಕೊನೆಯ ತಿರುವು ಎಂದು ಇವುಗಳ ಅರ್ಥ. ನಮ್ಮ ಶಾಸ್ತ್ರಕಾರರು ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣವೆಂದು ಐದು ಸಂಧಿಗಳನ್ನು ಹೇಳಿದ್ದಾರಷ್ಟೆ. ಇದೂ ಅದೇ ಜಾತಿಯ ವಿಭಾಗ. ಜರ್ಮನಿಯ ಫ್ರೈಟಾಗ್ ಎಂಬಾತನು 1863 ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಏರಿಳಿತದ ಐದು ಘಟ್ಟಗಳುಳ್ಳ ಗೋಪುರವನ್ನು ಕಲ್ಪಿಸಿದನು. ಇಂದಿಗೂ ವಿದ್ಯಾರ್ಥಿಗಳು ಷೇಕ್ಸ್‌ಪಿಯರನ ನಾಟಕಗಳಿಗೆ ಅದನ್ನು ಹೊಂದಿಸಿ ನೋಡುವುದುಂಟು. ಆದರೆ ಕವಿಯ ಕಾಲಕ್ಕೆ ಅದು ಇರಲೇ ಇಲ್ಲ.

ಈ ಮೂರು ಮೂಲಗಳಲ್ಲಿಯೂ ಗಮನಿಸತಕ್ಕ ಒಂದಂಶವುಂಟು. ಡೊನೇಟಸನ ಪದಗಳು ಕಥೆಯು ಎಲ್ಲಿಗೆ ಬಂದಿದೆಯೆಂದು ಹೇಳುತ್ತವೆಯೇ ಹೊರತು ಯಾರು ತಪ್ಪಿತಸ್ಥರೆಂದು ಹೇಳುವುದಿಲ್ಲ. ಅದೃಷ್ಟಚಕ್ರವು ಕೆಲವು ವೇಳೆ ಪಾಪಿಯನ್ನು ಕೆಡಹುತ್ತದೆ, ಕೆಲವು ವೇಳೆ ನಿರಪರಾಧಿಯನ್ನೂ ಕೆಡಹುತ್ತದೆ. ಪ್ರತಿಯೊಬ್ಬ ನಾಯಕನಲ್ಲಿಯೂ ಅವನ ಪತನಕ್ಕೆ ಸರಿಹೊಂದುವ ಒಂದೊಂದು ಶೀಲದೋಷವಿರಲೇಬೇಕೆಂಬ ನಿಯಮವು ಆ ರಂಗಭೂಮಿಗೆ ಗೊತ್ತಿರಲಿಲ್ಲ. ಆ ನಿಯಮವು ಹೊರಗಿನಿಂದ, ಅನಂತರದ ಕಾಲದಲ್ಲಿ, ಅರಿಸ್ಟಾಟಲನ ಹೆಸರಿನಲ್ಲಿ ಬಂದದ್ದು.

ಹಾಗಾದರೆ ಅರಿಸ್ಟಾಟಲನು ಹೇಳಿದ್ದೇನು? ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಈ ಗ್ರೀಕ್ ತತ್ತ್ವಜ್ಞನ ಕಾವ್ಯಮೀಮಾಂಸೆಯಲ್ಲಿ ದುರಂತ ನಾಟಕಕ್ಕೆ ಸಂಬಂಧಪಟ್ಟ ನಾಲ್ಕು ಮಾತುಗಳು ಪ್ರಸಿದ್ಧವಾಗಿವೆ. ಪೆರಿಪೆಟೈಯ ಎಂಬುದು ಮೊದಲನೆಯದು. ಒಂದು ಫಲವನ್ನು ಉದ್ದೇಶಿಸಿ ಮಾಡಿದ ಕಾರ್ಯವು ಅದಕ್ಕೆ ವಿರುದ್ಧವಾದ ಫಲವನ್ನೇ ತರುವುದು. ಇದನ್ನು ವಿಪರ್ಯಯವೆನ್ನೋಣ. ಎರಡನೆಯದು ಅನಗ್ನೋರಿಸಿಸ್; ಅರಿಯದಿದ್ದುದನ್ನು ಅರಿಯುವುದು. ಕಾಳಿದಾಸನು ತನ್ನ ನಾಟಕದ ಹೆಸರಿನಲ್ಲಿಯೇ ಇಟ್ಟಿರುವ ‘ಅಭಿಜ್ಞಾನ’ವೆಂಬ ಮಾತು ಇದಕ್ಕೆ ಬಹು ಸಮೀಪವಾದುದು. ಮೂರನೆಯದು ಕಥಾರ್ಸಿಸ್, ಕರುಣೆ ಭಯಗಳ ಮೂಲಕ ಆಗುವ ಶುದ್ಧಿ. ಇದು ವೈದ್ಯರು ಮಾಡಿಸುವ ವಿರೇಚನದಂಥದೋ, ಭಾವಗಳ ಸಂಸ್ಕಾರದಂಥದೋ ಎಂದು ಪಂಡಿತರಲ್ಲಿ ವಾದವಿದೆ. ನಾಲ್ಕನೆಯದೇ ಪ್ರಕೃತ ವಿಷಯ: ಹಮಾರ್ತಿಯ.

ಹಮಾರ್ತಿಯವೆಂಬ ಪದದ ಧಾತುವಿಗೆ ಗುರಿ ತಪ್ಪುವುದೆಂದು ಅರ್ಥ. ಬಾಣಪ್ರಯೋಗದಲ್ಲಿಯೂ ಈಟಿಯ ಎಸೆತದಲ್ಲಿಯೂ ಬಳಕೆಯಾಗುವ ಮಾತು. ದುರಂತ ನಾಯಕನು ಅತಿಶಯವಾದ ಸದ್ಗುಣಿಯೂ ಅಲ್ಲ, ದುಷ್ಟನೂ ಅಲ್ಲ. ಅವನು ಬೀಳುವುದು ದುಷ್ಟತನದಿಂದಲ್ಲ, ಒಂದು ದೊಡ್ಡ ಹಮಾರ್ತಿಯದಿಂದ ಎಂಬುದು ಅರಿಸ್ಟಾಟಲನ ಅಭಿಪ್ರಾಯ. ದುಷ್ಟತನವಲ್ಲವೆಂದು ಅವನು ಬಿಡಿಸಿ ಹೇಳಿರುವುದನ್ನು ಮರೆಯಕೂಡದು. ನಮ್ಮಲ್ಲಿ ಇದಕ್ಕೆ ಅತ್ಯಂತ ಸೊಗಸಾದ ಉದಾಹರಣೆಯು ದಶರಥನ ಶಬ್ದವೇಧಿ. ನೀರಿನಲ್ಲಿ ಆದ ಸದ್ದನ್ನು ಕೇಳಿ, ಆನೆಯೆಂದು ಬಗೆದು, ಯುವರಾಜನಾದ ದಶರಥನು ಕತ್ತಲಲ್ಲಿ ಬಾಣವನ್ನು ಬಿಟ್ಟನು. ಅದು ತಾಗಿದ್ದು ಕುರುಡ ತಾಯಿತಂದೆಗಳಿಗಾಗಿ ನೀರು ತುಂಬುತ್ತಿದ್ದ ಮುನಿಕುಮಾರನಿಗೆ. ಬಾಣವು ಸದ್ದಿಗೆ ಗುರಿತಪ್ಪಲಿಲ್ಲ, ಸತ್ಯಕ್ಕೆ ಗುರಿತಪ್ಪಿತು. ದಶರಥನು ಕೊಲೆಗಾರನೆ? ಅಲ್ಲ. ಕೊಲೆಯು ಅವನಿಂದ ಆಯಿತೆ? ಆಯಿತು. ಈ ‘ಅಲ್ಲ’ ‘ಆಯಿತು’ಗಳ ನಡುವಣ ಇಕ್ಕಟ್ಟಾದ ಸ್ಥಳವೇ ಹಮಾರ್ತಿಯದ ನೆಲೆ. ಸ್ಖಲನ, ಪ್ರಮಾದ ಎಂಬ ಮಾತುಗಳು ಅದಕ್ಕೆ ಒಪ್ಪುತ್ತವೆ. ಪಾಪವೆಂಬ ಮಾತು ಒಪ್ಪುವುದಿಲ್ಲ.

ಅರಿಸ್ಟಾಟಲನ ಮತ್ತೊಂದು ಮಾತು ಇದಕ್ಕಿಂತಲೂ ಮುಖ್ಯವಾದುದು. ಕರುಣೆಯು ಹುಟ್ಟುವುದು ಅರ್ಹನಲ್ಲದವನು ದುಃಖಕ್ಕೀಡಾದಾಗ. ಭಯವು ಹುಟ್ಟುವುದು ನಮ್ಮಂಥವನೇ ದುಃಖಕ್ಕೀಡಾದಾಗ ಎಂದು ಅವನು ಹೇಳುತ್ತಾನೆ. ಇದನ್ನು ಸ್ವಲ್ಪ ಯೋಚಿಸಿದರೆ ಒಂದು ತಾರ್ಕಿಕವಾದ ನಿಶ್ಚಯಕ್ಕೆ ಬರಬೇಕಾಗುತ್ತದೆ. ನಾಯಕನ ದುಃಖವು ಅವನ ದೋಷಕ್ಕೆ ಸರಿಯಾದ ಶಿಕ್ಷೆಯೇ ಆಗಿದ್ದರೆ, ಅವನು ಅದಕ್ಕೆ ಅರ್ಹನು; ಅರ್ಹನಾದರೆ ಕರುಣೆಗೆ ಅವಕಾಶವಿಲ್ಲ; ಕರುಣೆಯಿಲ್ಲದಿದ್ದರೆ ಅದು ದುರಂತ ನಾಟಕವೇ ಅಲ್ಲ. ಅಂದರೆ ಹಮಾರ್ತಿಯವನ್ನು ಪಾಪವೆಂದು ವ್ಯಾಖ್ಯಾನಮಾಡುವವರು ಅರಿಸ್ಟಾಟಲನ ಒಂದು ಪದವನ್ನು ಹಿಡಿದುಕೊಂಡು ಅವನ ಶಾಸ್ತ್ರದ ಬುಡವನ್ನೇ ಕಡಿಯುತ್ತಾರೆ.

ಆದರೂ ಹಾಗೆ ವ್ಯಾಖ್ಯಾನಮಾಡಿದವರು ಬಹುಮಂದಿ. ಅದಕ್ಕೆ ಒಂದು ಕಾರಣವು ಭಾಷೆಯಲ್ಲಿಯೇ ಇದೆ. ಅರಿಸ್ಟಾಟಲನಿಗೆ ನಾನ್ನೂರು ವರ್ಷಗಳ ತರುವಾಯ ಕ್ರೈಸ್ತರ ಹೊಸ ಒಡಂಬಡಿಕೆಯು ಗ್ರೀಕ್ ಭಾಷೆಯಲ್ಲಿ ರಚಿತವಾದಾಗ ಪಾಪವೆಂಬರ್ಥಕ್ಕೆ ಇದೇ ಹಮಾರ್ತಿಯವೆಂಬ ಪದವನ್ನು ಬಳಸಿದರು. ಚಿಕ್ಕಂದಿನಿಂದ ಪದಕ್ಕೆ ಆ ಅರ್ಥವನ್ನು ಕೇಳಿದವರು ಹಳೆಯ ಗ್ರಂಥದಲ್ಲಿಯೂ ಅದನ್ನೇ ಕಾಣುವುದು ಸ್ವಾಭಾವಿಕ. ಎರಡನೆಯ ಕಾರಣವು ಮನುಷ್ಯಸ್ವಭಾವದಲ್ಲಿದೆ. ಥಾಮಸ್ ರೈಮರ್ ಎಂಬ ವಿಮರ್ಶಕನು 1678 ರ ತನ್ನ ಗ್ರಂಥದಲ್ಲಿ ‘ಕಾವ್ಯನ್ಯಾಯ’ವೆಂಬ ಮಾತನ್ನು ಚಲಾವಣೆಗೆ ತಂದನು. ಲೋಕದಲ್ಲಿ ನ್ಯಾಯವು ಎಷ್ಟೋ ಸಲ ತಪ್ಪಬಹುದು. ಆದರೆ ಕಾವ್ಯದಲ್ಲಿ ಒಳ್ಳೆಯವನಿಗೆ ಒಳಿತೂ ಕೆಟ್ಟವನಿಗೆ ಕೇಡೂ ಅಳೆದು ಕೊಟ್ಟಂತೆ ಬರಬೇಕು ಎಂಬುದು ಅದರ ತಾತ್ಪರ್ಯ. ಈ ಅಳತೆಗೋಲನ್ನು ಹಿಡಿದು ಅವನು ಮುಂದೆ ಒಥೆಲೊ ನಾಟಕವನ್ನು ಪರೀಕ್ಷಿಸಿದಾಗ, ಗೃಹಿಣಿಯರು ತಮ್ಮ ಕರವಸ್ತ್ರಗಳನ್ನು ಜೋಪಾನವಾಗಿಟ್ಟುಕೊಳ್ಳಬೇಕೆಂಬುದನ್ನು ಬಿಟ್ಟು ಅದರಿಂದ ಬೇರೆ ನೀತಿ ಸಿಕ್ಕುವುದು ಕಷ್ಟವೆಂದು ಹಾಸ್ಯಮಾಡಿದನು. ನಿರಪರಾಧಿಯಾದ ಡೆಸ್ಡಿಮೋನಳ ಸಾವಿನ ಮುಂದೆ ನಿಂತವನಿಗೆ ಕಂಡದ್ದು ಕಳೆದುಹೋದ ಕರವಸ್ತ್ರವೊಂದೇ! ತಕ್ಕಡಿಯನ್ನು ಬಿಡಲೊಲ್ಲದ ಕೈಗೆ ಕಣ್ಣೀರನ್ನು ಒರೆಸಲು ಬಿಡುವಿರುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರವೃತ್ತಿಯು ಇನ್ನೊಂದು ವೇಷದಲ್ಲಿ ಬಂದಿತು. ಎ. ಸಿ. ಬ್ರಾಡ್ಲಿ ಎಂಬ ಪ್ರಾಧ್ಯಾಪಕನು 1904 ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ನಾಯಕನ ಶೀಲದಲ್ಲಿರುವ ಒಂದು ಪ್ರಧಾನ ಒಲವೇ ಅವನ ಹಿರಿಮೆಗೂ ವಿನಾಶಕ್ಕೂ ಕಾರಣವೆಂದು ಬಹು ಸೂಕ್ಷ್ಮವಾಗಿ ವಿವೇಚಿಸಿದನು. ಆತನ ವಿವೇಚನೆಯಲ್ಲಿ ಗೌರವವೂ ಮರುಕವೂ ತುಂಬಿವೆ. ಆದರೆ ಅದು ಪರೀಕ್ಷೆಗಳಿಗೆ ಸಿದ್ಧಮಾಡುವ ಟಿಪ್ಪಣಿಗಳಿಗೆ ಇಳಿಯುವ ಹೊತ್ತಿಗೆ ಹ್ಯಾಮ್ಲೆಟನಿಗೆ ವಿಳಂಬ, ಒಥೆಲೊವಿಗೆ ಅಸೂಯೆ, ಮ್ಯಾಕ್‌ಬೆತ್‌ನಿಗೆ ದುರಾಸೆ, ಲಿಯರನಿಗೆ ಅಹಂಕಾರ ಎಂಬ ಕೋಷ್ಟಕವಾಯಿತು. ಬಾಲಕನು ಅದನ್ನು ಉರುಹೊಡೆದು ಅಂಕಗಳನ್ನು ಪಡೆಯುತ್ತಾನೆ. ಜೊತೆಯಲ್ಲಿಯೇ, ಬಿದ್ದವನನ್ನು ಕಂಡರೆ ಅವನ ದೋಷದ ಹೆಸರನ್ನು ಹೇಳಿ ಮುಂದಕ್ಕೆ ಹೋಗುವ ಅಭ್ಯಾಸವನ್ನೂ ಪಡೆಯುತ್ತಾನೆ. ರೋಮಿಯೊ ಜೂಲಿಯೆಟರು ಸತ್ತದ್ದು ಯಾವ ದೋಷದಿಂದ? ಪಿಡುಗಿನ ಶಂಕೆಯಿಂದ ಸಂನ್ಯಾಸಿಯೊಬ್ಬನನ್ನು ಮನೆಯೊಳಗೆ ಕೂಡಿಹಾಕಿದ್ದರಿಂದ ಓಲೆಯು ತಲುಪಲಿಲ್ಲ. ಕೋಷ್ಟಕದಲ್ಲಿ ಇದಕ್ಕೆ ಯಾವ ಮನೆಯೂ ಇಲ್ಲ.

ಈಗ ಈ ಪ್ರಶ್ನೆಯನ್ನು ‘ಲಿಯರ್ ಮಹಾರಾಜ’ನ ಕಥೆಯ ಮೇಲೆ ಒರೆಹಚ್ಚಿ ನೋಡೋಣ. ಇದು ಕಾಲದಿಂದ ಎಲಿಜಬೆತ್ ರಾಣಿಯ ತರುವಾಯದ ನಾಟಕ. 1606 ನೆಯ ಇಸವಿ ಡಿಸೆಂಬರ್ 26 ರಂದು ಜೇಮ್ಸ್ ದೊರೆಯ ಮುಂದೆ ಆಡಿದರೆಂದು ತಿಳಿದುಬಂದಿದೆ. ಆದರೆ ರಂಗಭೂಮಿಯೂ ನಟರೂ ಸಂಪ್ರದಾಯವೂ ಹಿಂದಿನವೇ. ಮುದುಕನಾದ ದೊರೆಯು ಮುಂದೆ ಕಲಹವಾಗಬಾರದೆಂದು ಬದುಕಿರುವಾಗಲೇ ರಾಜ್ಯವನ್ನು ಮೂವರು ಹೆಣ್ಣುಮಕ್ಕಳಿಗೆ ಹಂಚಲು ನಿಶ್ಚಯಿಸಿ, ನಿಮ್ಮಲ್ಲಿ ಯಾರಿಗೆ ನನ್ನ ಮೇಲೆ ಹೆಚ್ಚು ಪ್ರೀತಿಯೆಂದು ಕೇಳುತ್ತಾನೆ. ಹಿರಿಯರಿಬ್ಬರು ಬಾಯ್ತುಂಬ ಹೇಳಿ ಪಾಲನ್ನು ಪಡೆಯುತ್ತಾರೆ. ಕಿರಿಯಳಾದ ಕಾರ್ಡೀಲಿಯ ಮಗಳ ಧರ್ಮವೆಷ್ಟೋ ಅಷ್ಟೇ ಪ್ರೀತಿಯೆಂದು ನುಡಿದು ದೇಶಭ್ರಷ್ಟಳಾಗುತ್ತಾಳೆ. ಕಲಹವನ್ನು ತಪ್ಪಿಸಲು ಮಾಡಿದ ಹಂಚಿಕೆಯೇ ಕಲಹವನ್ನು ತರುವುದು ವಿಪರ್ಯಯ. ಹಿರಿಯ ಮಕ್ಕಳು ಬಿರುಗಾಳಿಯಲ್ಲಿ ತಂದೆಯ ಮುಂದೆ ಬಾಗಿಲನ್ನು ಮುಚ್ಚಿಸುತ್ತಾರೆ. ನೆಲೆಯಿಲ್ಲದ ಬಡವರು ಇಂಥ ಮಳೆಯಲ್ಲಿ ಹೇಗಿರುತ್ತಾರೆಂದು ತಾನು ಒಂದು ದಿನವೂ ಚಿಂತಿಸಲಿಲ್ಲವಲ್ಲಾ ಎಂದು ದೊರೆಗೆ ಅಲ್ಲಿ ತಿಳಿಯುತ್ತದೆ. ಇದು ಒಂದು ಅಭಿಜ್ಞಾನ. ಇಷ್ಟರವರೆಗೆ ದೋಷವಾದಿಯ ಲೆಕ್ಕವು ಒಂದು ಪ್ರಮಾಣಕ್ಕೆ ಸರಿಹೋಗುತ್ತದೆಂದು ಒಪ್ಪಬಹುದು.

ಮುಂದೆ ಲೆಕ್ಕವು ಕೆಡುತ್ತದೆ. ಲಿಯರನ ಆಪ್ತನಾದ ಗ್ಲಾಸ್ಟರ್ ಎಂಬ ಸಾಮಂತನು ದೊರೆಗೆ ಆಶ್ರಯವನ್ನು ಕೊಟ್ಟದ್ದಕ್ಕಾಗಿ ಶತ್ರುಗಳು ರಂಗದ ಮೇಲೆಯೇ ಅವನ ಕಣ್ಣುಗಳನ್ನು ಕೀಳುತ್ತಾರೆ. ವಧವನ್ನು ರಂಗದಲ್ಲಿ ತೋರಿಸಬಾರದೆಂಬ ನಮ್ಮ ಶಾಸ್ತ್ರವನ್ನು ಓದಿದವನಿಗೆ ಈ ದೃಶ್ಯವು ಅಸಹ್ಯವಾಗಿಯೇ ತೋರುತ್ತದೆ. ಕೊನೆಯ ಅಂಕದಲ್ಲಿ ಗ್ಲಾಸ್ಟರನ ಒಳ್ಳೆಯ ಮಗನಾದ ಎಡ್ಗರನು, ಜಾರಿಣಿಯಲ್ಲಿ ಹುಟ್ಟಿದ ತಮ್ಮನಾದ ಎಡ್ಮಂಡನನ್ನು ದ್ವಂದ್ವಯುದ್ಧದಲ್ಲಿ ಕೆಡಹಿ, ದೇವತೆಗಳು ನ್ಯಾಯವಂತರೆಂದೂ, ತಂದೆಯು ನಿನ್ನನ್ನು ಪಡೆದ ಕತ್ತಲೆಯ ಪಾಪಕ್ಕೆ ಕಣ್ಣುಗಳನ್ನು ತೆತ್ತನೆಂದೂ ಹೇಳುತ್ತಾನೆ. ರೈಮರನು ಹುಟ್ಟುವುದಕ್ಕೆ ಮುಂಚೆಯೇ ಕವಿಯು ಕಾವ್ಯನ್ಯಾಯದ ವಾದವನ್ನು ಒಂದು ಪಾತ್ರದ ಬಾಯಿಂದ, ಅದೂ ಸಜ್ಜನನ ಬಾಯಿಂದ, ನುಡಿಸಿದ್ದಾನೆ. ಆದರೆ ಕವಿಯು ಅಲ್ಲಿ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಸೆರೆಯಲ್ಲಿರುವ ಕಾರ್ಡೀಲಿಯಳನ್ನು ಕೊಲ್ಲಲು ಅಪ್ಪಣೆಯಾಗಿರುವುದು ಗೊತ್ತಾಗುತ್ತದೆ. ಆಲ್ಬನಿ ಪ್ರಭುವು ದೇವತೆಗಳು ಅವಳನ್ನು ಕಾಪಾಡಲೆಂದು ಪ್ರಾರ್ಥಿಸುತ್ತಾನೆ. ಆ ಪ್ರಾರ್ಥನೆಯ ಬೆನ್ನಿನಲ್ಲಿಯೇ ಲಿಯರನು ಸತ್ತ ಮಗಳನ್ನು ತೋಳುಗಳಲ್ಲಿ ಎತ್ತಿಕೊಂಡು ರಂಗಕ್ಕೆ ಬರುತ್ತಾನೆ.

ಆ ನಾಟಕಶಾಲೆಯ ಏರ್ಪಾಟನ್ನು ಈಗ ನೆನೆದುಕೊಳ್ಳಬೇಕು. ಮೇಲೆ ಬಣ್ಣದಲ್ಲಿ ಬರೆದ ಸ್ವರ್ಗ, ಅದು ಮಾತಾಡುವುದಿಲ್ಲ. ಕೆಳಗೆ ಮುಚ್ಚಿದ ನರಕದ ಬಾಗಿಲು. ದುಷ್ಟರನ್ನು ನುಂಗಲು ಅದು ತೆರೆಯುವುದಿಲ್ಲ. ಮುದುಕನು ಮಗಳ ತುಟಿಗೆ ಕನ್ನಡಿಯನ್ನೊಡ್ಡಿ ಉಸಿರಿದೆಯೇ ಎಂದು ನೋಡುತ್ತಾನೆ. ನಾಯಿಗೂ ಕುದುರೆಗೂ ಇಲಿಗೂ ಜೀವವಿರುವಾಗ ಇವಳಿಗೇಕಿಲ್ಲವೆಂದು ಕೇಳುತ್ತಾನೆ. ಕತ್ತಲೆಯಲ್ಲಿ ಅಡಗಿಕೊಳ್ಳಲು ಪ್ರೇಕ್ಷಕನಿಗೆ ಅವಕಾಶವಿಲ್ಲ, ಮುಚ್ಚಿಬಿಡಲು ಪರದೆಯಿಲ್ಲ. ಹಗಲಿನಲ್ಲಿ, ಅಕ್ಕಪಕ್ಕದವರ ಮುಖಗಳನ್ನು ನೋಡುತ್ತ, ಸಾವಿರಾರು ಜನರು ಉತ್ತರವಿಲ್ಲದ ಆ ಪ್ರಶ್ನೆಯನ್ನು ಕೇಳಿಕೊಂಡು ನಿಂತಿದ್ದರು.

ಕವಿಯು ಇದನ್ನು ಕೈತಪ್ಪಿ ಮಾಡಿದನೆಂದು ಹೇಳುವಂತಿಲ್ಲ. ಇದೇ ಕಥೆಯ ಹಳೆಯ ನಾಟಕವೊಂದು 1605 ರಲ್ಲಿ ಅಚ್ಚಾಗಿತ್ತು; ಅದರಲ್ಲಿ ದೊರೆಗೆ ರಾಜ್ಯವು ಮರಳಿ ದೊರೆಯುತ್ತದೆ, ಮಗಳೂ ಬದುಕಿರುತ್ತಾಳೆ. ಷೇಕ್ಸ್‌ಪಿಯರನು ಆ ಮಂಗಳವನ್ನು ಬುದ್ಧಿಪೂರ್ವಕವಾಗಿಯೇ ತೆಗೆದುಹಾಕಿದನು. ಲೋಕವು ಅದನ್ನು ತಾಳಲಿಲ್ಲ. 1681 ರಲ್ಲಿ ನಾಹುಮ್ ಟೇಟ್ ಎಂಬ ಕವಿಯು ನಾಟಕವನ್ನು ತಿದ್ದಿ, ಲಿಯರನಿಗೆ ಸಿಂಹಾಸನವನ್ನೂ ಕಾರ್ಡೀಲಿಯಳಿಗೆ ಎಡ್ಗರನನ್ನೂ ದೊರಕಿಸಿಕೊಟ್ಟನು. ಇಂಗ್ಲೆಂಡಿನ ರಂಗಭೂಮಿಯ ಮೇಲೆ ಸುಮಾರು ನೂರೈವತ್ತು ವರ್ಷ ಆಡುತ್ತಿದ್ದುದು ಈ ತಿದ್ದುಪಡಿಯೇ. ಎಡ್ಮಂಡ್ ಕೀನ್ ಎಂಬ ನಟನು 1823 ರಲ್ಲಿ ದುರಂತವನ್ನು ಮರಳಿ ತಂದನು. 1838 ರಲ್ಲಿ ಮ್ಯಾಕ್ರೆಡಿ ಎಂಬ ನಟನು ಟೇಟನ ಕಾಲದಿಂದ ಮಾಯವಾಗಿದ್ದ ವಿದೂಷಕನನ್ನೂ ಸೇರಿಸಿ ಮೂಲಪಾಠಕ್ಕೆ ಹತ್ತಿರವಾದುದನ್ನು ಆಡಿದನು. ಮಹಾಪಂಡಿತನಾದ ಸ್ಯಾಮ್ಯುಯಲ್ ಜಾನ್ಸನನು 1765 ರ ತನ್ನ ಸಂಪಾದನೆಯಲ್ಲಿ, ಕಾರ್ಡೀಲಿಯಳ ಸಾವಿನಿಂದ ತನಗಾದ ಆಘಾತವು ಎಷ್ಟೆಂದರೆ ಸಂಪಾದಕನಾಗಿ ಓದಲೇಬೇಕಾಗಿ ಬರುವವರೆಗೆ ಕೊನೆಯ ದೃಶ್ಯಗಳನ್ನು ಮತ್ತೆ ಓದುವ ಧೈರ್ಯ ಬಂದಿತೋ ಇಲ್ಲವೋ ಎಂಬರ್ಥದ ಮಾತನ್ನು ಬರೆದಿದ್ದಾನೆ. ಜಾನ್ಸನನ ಈ ನೋವನ್ನು ನಾನು ರೈಮರನ ಹಾಸ್ಯಕ್ಕಿಂತ ಸಾವಿರ ಪಾಲು ಮೇಲೆಂದು ಎಣಿಸುತ್ತೇನೆ. ರೈಮರನು ದುಃಖವನ್ನು ನೋಡದೆ ತೀರ್ಪು ಕೊಟ್ಟನು. ಜಾನ್ಸನನು ದುಃಖವನ್ನು ಪೂರ್ತಿಯಾಗಿ ನೋಡಿದ್ದರಿಂದಲೇ ಮುಖವನ್ನು ತಿರುಗಿಸಿಕೊಂಡನು. ಸಂಪೂರ್ಣವಾಗಿ ಸಜ್ಜನನಾದವನು ಬೀಳುವುದನ್ನು ತೋರಿಸಿದರೆ ಕರುಣೆಯ ಬದಲು ಜುಗುಪ್ಸೆಯು ಹುಟ್ಟುವುದೆಂದು ಅರಿಸ್ಟಾಟಲನೇ ಎಚ್ಚರಿಸಿರುವುದರಿಂದ, ಜಾನ್ಸನನ ಪಕ್ಷಕ್ಕೂ ಶಾಸ್ತ್ರದ ಬೆಂಬಲವಿದೆಯೆಂದು ಹೇಳಲೇಬೇಕು.

ಇಲ್ಲಿ ಒಂದು ಆಕ್ಷೇಪವು ಬರುತ್ತದೆ. ದೋಷಕ್ಕೂ ದುಃಖಕ್ಕೂ ಸಂಬಂಧವೇ ಇಲ್ಲವೆಂದರೆ ಜಗತ್ತು ಅರಾಜಕವಾಯಿತಲ್ಲ, ನೀತಿಗೆ ಆಧಾರವೇನು, ಎಂದು ಕೇಳಬಹುದು. ಸಂಬಂಧವಿಲ್ಲವೆಂದು ನಾವು ಹೇಳುತ್ತಿಲ್ಲ. ಕಾರಣವೆಂಬುದು ಒಂದು, ಅರ್ಹತೆಯೆಂಬುದು ಮತ್ತೊಂದು. ಈ ಎರಡನ್ನು ಬೆರಸಬಾರದೆಂಬುದಷ್ಟೇ ನಮ್ಮ ವಾದ. ಲಿಯರನು ಮಗಳನ್ನು ದೂಡಿದ್ದು ಅವಳ ಸಾವಿಗೆ ಕಾರಣಪರಂಪರೆಯಲ್ಲಿ ಸೇರಿದೆ. ಆದರೆ ಅವಳು ಆ ಸಾವಿಗೆ ಅರ್ಹಳಲ್ಲ, ಅವನೂ ಆ ದೃಶ್ಯಕ್ಕೆ ಅರ್ಹನಲ್ಲ. ಶಕುಂತಲೆಯು ವಿರಹಚಿಂತೆಯಲ್ಲಿ ಮುಳುಗಿ ಅತಿಥಿಯ ಕೂಗನ್ನು ಕೇಳಿಸಿಕೊಳ್ಳಲಿಲ್ಲ. ದೂರ್ವಾಸರ ಶಾಪಕ್ಕೆ ಅದು ಕಾರಣವಾಯಿತು. ತುಂಬು ಗರ್ಭಿಣಿಯಾದವಳು ರಾಜಸಭೆಯಲ್ಲಿ ಗಂಡನಿಂದ ನಿರಾಕೃತಳಾಗುವುದಕ್ಕೆ ಅವಳು ಅರ್ಹಳಾದಳೆಂದು ಆ ನಾಟಕವನ್ನು ಓದಿದ ಸಹೃದಯನಾವನೂ ಹೇಳನು. ಬೆಂಕಿಯನ್ನು ಮುಟ್ಟಿದ ಮಗುವಿನ ಕೈ ಸುಡುತ್ತದೆ, ಕಾರಣವು ಸ್ಪಷ್ಟ. ಆದರೆ ಸುಟ್ಟ ಕೈಯನ್ನು ನೋಡಿ ‘ಸರಿಯಾಯಿತು’ ಎನ್ನುವವನನ್ನು ನಾವು ನೀತಿವಂತನೆನ್ನುವುದಿಲ್ಲ.

ನಿಜವಾಗಿಯೂ ಅಪರಾಧಿಯಾದವನ ವಿಷಯದಲ್ಲಿ ಕೂಡ ಈ ನಾಟಕಕಾರರು ಕರುಣೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಮ್ಯಾಕ್‌ಬೆತ್‌ನು ತಿಳಿದು ತಿಳಿದೂ ಅತಿಥಿಯನ್ನು ಕೊಂದವನು. ಮಾರ್ಲೊ ಕವಿಯ ಫಾಸ್ಟಸನು ಇಪ್ಪತ್ತನಾಲ್ಕು ವರ್ಷಗಳ ಭೋಗಕ್ಕಾಗಿ ಆತ್ಮವನ್ನೇ ಮಾರಿಕೊಂಡವನು. ಶಿಕ್ಷೆಯು ಅವರಿಗೆ ನ್ಯಾಯವಾಗಿಯೇ ಬಂದಿತೆಂದರೂ, ಫಾಸ್ಟಸನ ಕಡೆಯ ಒಂದು ಗಂಟೆಯನ್ನು ಎಣಿಸುತ್ತ ಕೂತ ಪ್ರೇಕ್ಷಕನು ಗಡಿಯಾರವು ನಿಲ್ಲಲೆಂದೇ ಹಾರೈಸುತ್ತಾನೆ. ಅಂದಮೇಲೆ ತೀರ್ಪು ಮುಗಿದ ಮೇಲೆಯೂ ದುರಂತ ನಾಟಕದ ಕೆಲಸವು ಮುಗಿಯಲಿಲ್ಲವೆಂದು ಅರ್ಥ.

ಎರಡನೆಯ ಆಕ್ಷೇಪವು ನಮ್ಮವರೇ ಹಾಕತಕ್ಕದ್ದು. ಕಾವ್ಯನ್ಯಾಯವು ಪಾಶ್ಚಾತ್ಯರಿಗೆ ಕಷ್ಟವಾಗಿರಬಹುದು, ನಮಗೆ ಕರ್ಮಸಿದ್ಧಾಂತವಿದೆ, ಈ ಜನ್ಮದಲ್ಲಿ ಲೆಕ್ಕವು ಸರಿಹೋಗದಿದ್ದರೆ ಜನ್ಮಾಂತರದಲ್ಲಿ ಸರಿಹೋಗುತ್ತದೆ ಎನ್ನಬಹುದು. ಕರ್ಮಸಿದ್ಧಾಂತದ ತತ್ತ್ವಾಂಶವನ್ನು ಇಲ್ಲಿ ವಿಚಾರಿಸುವುದು ನನ್ನ ಉದ್ದೇಶವಲ್ಲ. ಆದರೆ ಅದರ ವಿನಿಯೋಗದ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಇರಲಾರೆ. ‘ಇದು ನನ್ನ ಪ್ರಾರಬ್ಧ’ ಎಂದು ತನಗೆ ತಾನೇ ಹೇಳಿಕೊಂಡವನು ಧೈರ್ಯವನ್ನು ಪಡೆಯುತ್ತಾನೆ. ‘ಇದು ನಿನ್ನ ಪ್ರಾರಬ್ಧ’ ಎಂದು ನೊಂದವನಿಗೆ ಹೇಳಿದವನು ಅವನ ಧೈರ್ಯವನ್ನು ಕಸಿದುಕೊಳ್ಳುತ್ತಾನೆ. ಮಾತು ಒಂದೇ, ಉತ್ತಮಪುರುಷದಲ್ಲಿ ಅದು ಔಷಧ, ಮಧ್ಯಮಪುರುಷದಲ್ಲಿ ಅದು ವಿಷ. ಹಸುಗೂಸನ್ನು ಕಳೆದುಕೊಂಡ ತಾಯಿಯ ಎದುರಿಗೆ ‘ಅವಳು ಪಡೆದುಕೊಂಡು ಬಂದದ್ದು ಅಷ್ಟೇ’ ಎಂದು ಹೇಳುವ ಬಾಯಿಗಳನ್ನು ನಮ್ಮ ಸುಸಂಸ್ಕೃತ ಮನೆಗಳಲ್ಲಿಯೂ ಕೇಳಿದ್ದೇವೆ. ಆ ಮಾತಿನ ಮೂಲವನ್ನು ಹುಡುಕಿದರೆ ಕಾಣುವುದು ಶಾಸ್ತ್ರಶ್ರದ್ಧೆಯಲ್ಲ, ಭಯ. ಅವಳಲ್ಲಿ ಏನೋ ದೋಷವಿತ್ತು, ನಮ್ಮಲ್ಲಿ ಇಲ್ಲ, ಆದುದರಿಂದ ನಮ್ಮ ಮಕ್ಕಳು ಕ್ಷೇಮ ಎಂಬ ಗುಪ್ತವಾದ ತರ್ಕವು ಅದರೊಳಗಿದೆ. ಟೇಟನ ನಾಟಕಕ್ಕೆ ನೂರೈವತ್ತು ವರ್ಷ ಜನ ಸೇರಿದ್ದರಲ್ಲಿ ಈ ತರ್ಕಕ್ಕೂ ಒಂದು ಪಾಲಿತ್ತೆಂದು ನನಗೆ ತೋರುತ್ತದೆ.

ನಮ್ಮ ಕವಿಗಳೂ ಮಂಗಳಾಂತವನ್ನೇ ಬಯಸಿದರಲ್ಲವೆ, ವಾಲ್ಮೀಕಿಯಲ್ಲಿ ಭೂಮಿಯನ್ನು ಸೇರಿದ ಸೀತೆಯನ್ನು ಭವಭೂತಿಯು ಉತ್ತರರಾಮಚರಿತದಲ್ಲಿ ರಾಮನೊಡನೆ ಕೂಡಿಸಲಿಲ್ಲವೆ, ಅವನೂ ಟೇಟನೇ ಅಲ್ಲವೆ ಎಂದು ಕೇಳಿದರೆ, ಅಲ್ಲವೆಂದು ಉತ್ತರ. ಭವಭೂತಿಯು ಅಂಕದ ಮೇಲೆ ಅಂಕವಾಗಿ ರಾಮನನ್ನು ಅಳಿಸಿದ್ದಾನೆ. ಕೊನೆಯಲ್ಲಿ ಅರುಂಧತಿಯು ಅಪವಾದವನ್ನು ಹೊರಿಸಿದ ಪೌರಜಾನಪದರನ್ನೇ ಕರೆದು ಕೇಳುತ್ತಾಳೆ, ಅವರು ತಲೆಬಾಗುತ್ತಾರೆ. ಸೀತೆಗೆ ಬಂದದ್ದು ಸೀತೆಯ ದೋಷದಿಂದಲ್ಲವೆಂದು ಲೋಕದ ಎದುರಿಗೆ ಸಾರಿದ ಮೇಲೆ ಪುನರ್ಮಿಲನ. ಟೇಟನು ದುಃಖವನ್ನು ಅಳಿಸಿದನು. ಭವಭೂತಿಯು ದೋಷಾರೋಪಣೆಯನ್ನು ಅಳಿಸಿದನು. ಇನ್ನೂ ಹಿಂದಕ್ಕೆ ಹೋದರೆ ಆದಿಕವಿಯೇ ನಮಗೆ ಪ್ರಮಾಣ. ಬೇಡನ ಬಾಣದಿಂದ ಕ್ರೌಂಚವು ಬಿದ್ದು ಹೆಣ್ಣುಹಕ್ಕಿಯು ಗೋಳಿಟ್ಟಾಗ ಆ ಹಕ್ಕಿಗಳು ಹಿಂದೆ ಏನು ಮಾಡಿದ್ದವೆಂದು ಮುನಿಯು ಯೋಚಿಸುತ್ತ ನಿಲ್ಲಲಿಲ್ಲ. ಶೋಕವು ಮೊದಲು ಬಂದಿತು. ಶ್ಲೋಕವು ಅದರಿಂದ ಹುಟ್ಟಿತು. ಅಂದು ಅವರು ದೋಷವಿಚಾರಕ್ಕೆ ತೊಡಗಿದ್ದರೆ ನಮಗೆ ರಾಮಾಯಣವು ದೊರೆಯುತ್ತಿರಲಿಲ್ಲ.

ಕಥಾರ್ಸಿಸ್ ಎಂಬ ಶುದ್ಧಿಯ ಅರ್ಥವನ್ನು ಕುರಿತು ಪಂಡಿತರು ವಾದಿಸುತ್ತಿರಲಿ. ನನ್ನ ಮಟ್ಟಿಗೆ, ತಾನು ಕ್ಷೇಮವಾಗಿರುವುದು ತನ್ನ ಯೋಗ್ಯತೆಯಿಂದಲೇ ಎಂಬ ಕೊಳೆಯನ್ನು ತೊಳೆಯುವುದು ದುರಂತ ನಾಟಕವು ಮಾಡುವ ಶುದ್ಧಿ. ಅದು ತೊಳೆದುಹೋದರೆ ಬಿದ್ದವನಿಗೂ ನಿಂತವನಿಗೂ ನಡುವಣ ಅಂತರವು ಕಡಿಮೆಯಾಗುತ್ತದೆ. ಅರಿಸ್ಟಾಟಲನು ಹೇಳಿದ ಭಯವು ಕರುಣೆಯಾಗಿ ಮಾರ್ಪಡುತ್ತದೆ.

ಲಿಯರ್ ನಾಟಕದಲ್ಲಿ ಮತ್ತೊಂದು ಅಭಿಜ್ಞಾನವಿದೆ. ಬುದ್ಧಿಭ್ರಮೆಯಿಂದ ಎಚ್ಚತ್ತ ಮುದುಕನು ಎದುರಿಗಿರುವವಳು ಕಾರ್ಡೀಲಿಯಳೆಂದು ಗುರುತಿಸಿ, ಅಕ್ಕಂದಿರಿಗೆ ತನ್ನನ್ನು ದ್ವೇಷಿಸಲು ಕಾರಣವಿರಲಿಲ್ಲ, ನಿನಗಾದರೋ ಕಾರಣವಿದೆ ಎಂದು ಒಪ್ಪಿಕೊಳ್ಳುತ್ತಾನೆ. ಲೋಕದಲ್ಲಿ ಲೆಕ್ಕವನ್ನು ಕೇಳುವ ಹಕ್ಕು ಯಾರಿಗಾದರೂ ಇದ್ದರೆ ಆ ಮಗಳಿಗಿತ್ತು. ಅವಳು ತನಗೆ ಯಾವ ಕಾರಣವೂ ಇಲ್ಲವೆಂದು ಹೇಳುತ್ತಾಳೆ. ಅದು ವ್ಯಾವಹಾರಿಕವಾಗಿ ಸತ್ಯವಲ್ಲ. ಕಾರಣವು ಇದ್ದೇ ಇತ್ತು. ಆದರೆ ನೊಂದವನ ಮುಂದೆ ನಿಂತಾಗ ಆಡಬೇಕಾದ ಮಾತು ಯಾವುದೆಂಬುದನ್ನು ನನ್ನ ಓದಿನಲ್ಲಿ ಅವಳಷ್ಟು ಸರಿಯಾಗಿ ಬಲ್ಲವರನ್ನು ನಾನು ಕಂಡಿಲ್ಲ.